ಇನ್ನಾಸಪ್ಪನ ಜೋಡಿ

ನನ್ನ ಜೀವಮಾನದಲ್ಲಿ ನಾನು ಹೊಡೆದಿರುವುದು ಒಂದೇ ಒಂದು ಗೋಲು. ಅದೂ ಕಣ್ಣು ಮುಚ್ಚಿಕೊಂಡು. ಇನ್ನಾಸಪ್ಪನ ವಿಷಯ ನಾಲ್ಕು ಮಾತು ಬರೆಯೋಣ ಎಂದು ಕೂತಾಗಲೆಲ್ಲ ಆ ದರಿದ್ರ ಗೋಲು ಅಡ್ಡ ಬರುತ್ತದೆ. ಬರಲಿ, ಅದನ್ನೂ ಸೇರಿಸಿಯೇ ಹೇಳುತ್ತೇನೆ.

ನಾನು ಮೈಸೂರಿನ ಒಂದು ನೂಲಿನ ಮಿಲ್ಲಿನಲ್ಲಿ ಟೈಮ್ ಆಫೀಸ್ ಗುಮಾಸ್ತ. ಗೇಟಿನ ಪಕ್ಕದ ಕಿಟಕಿಯಲ್ಲಿ ಕೂತು ಯಾರು ಹೊತ್ತಿಗೆ ಬಂದರು, ಯಾರು ತಡವಾಗಿ ಬಂದರು ಎಂದು ಬರೆಯುವುದು ಕೆಲಸ. ನಾನು ತಡವಾಗಿ ಬಂದ ದಿನ ಬರೆಯುವವರು ಯಾರೂ ಇರುವುದಿಲ್ಲವಾದ್ದರಿಂದ ನನ್ನ ಹೆಸರು ಈವರೆಗೆ ಶುದ್ಧವಾಗಿದೆ. ಊರಿನಲ್ಲಿ ನಮ್ಮವ್ವ, ಮಗ ಮಿಲ್ಲು ನೋಡಿಕೊಳ್ಳುತ್ತಾನೆ ಎಂದು ಹೇಳಿಕೊಂಡು ತಿರುಗುತ್ತಾಳೆ. ನೋಡುವುದೇನೋ ನಿಜವೇ, ಕಿಟಕಿಯಿಂದ.

ಲಷ್ಕರ್ ಮೊಹಲ್ಲಾದಲ್ಲಿ, ಚರ್ಚಿನ ಗಂಟೆ ಕೇಳುವ ಒಂದು ಗಲ್ಲಿಯಲ್ಲಿ ನನ್ನ ಬಾಡಿಗೆ ಕೋಣೆ. ಗೋಡೆಗೆ ಗೋಡೆ ಅಂಟಿದ ಮನೆ ಆರೋಗ್ಯಮ್ಮನವರದು. ಇನ್ನಾಸಪ್ಪ ಅವರ ಮಗ, ನನ್ನದೇ ವಯಸ್ಸು, ನಮ್ಮದೇ ಮಿಲ್ಲು. ಆದರೆ ಅವನು ಬದಲಿ ಆಳು. ಬದಲಿಗಳು ಬೆಳಗಿನ ಸೈರನ್ ಕೂಗುವ ಮುಂಚೆ ಗೇಟಿನ ಎದುರು ಬಂದು ನಿಲ್ಲಬೇಕು. ಕಾಯಂ ಕೆಲಸಗಾರ ಯಾರಾದರೂ ಬರದಿದ್ದರೆ ಅವನ ಜಾಗಕ್ಕೆ ಒಳಗೆ ಹೋಗಬಹುದು. ಎಲ್ಲರೂ ಬಂದುಬಿಟ್ಟರೆ ಬಂದ ದಾರಿಯಲ್ಲೇ ವಾಪಸು. ಪರರ ಮನೆಯ ಜ್ವರ, ಮದುವೆ, ಸಾವುಗಳ ಮೇಲೆ ಬದುಕುವ ಕೆಲಸ ಅದು. ಬದಲಿಗಳನ್ನು ತೆಗೆದುಕೊಳ್ಳುತ್ತಿದ್ದುದು ಬೆಳಗಿನ ಪಾಳಿಗೆ ಮಾತ್ರ.

ಇನ್ನಾಸಪ್ಪನಿಗೆ ಆಗಿಬರದೆ ಇದ್ದುದು ಬೆಳಗೇ. ಇಪ್ಪತ್ತರ ಸುಮಾರಿಗೆ ಶುರುವಾಯಿತಂತೆ. ಮಲಗಿ ಎದ್ದರೆ ಸೊಂಟದಿಂದ ಕತ್ತಿನವರೆಗೆ ಬೆನ್ನು ಹಲಗೆಯಾಗಿರುತ್ತಿತ್ತು. ಅವನು ಗೋಡೆ ಹಿಡಿದು ಏಳುವುದು ಗೋಡೆಯ ಈಚೆ ನನಗೆ ಕೇಳಿಸುತ್ತಿತ್ತು; ನನಗೆ ಅದೇ ಅಲಾರಂ. ಕರೆದರೆ ಅವನು ಕತ್ತು ತಿರುಗಿಸುತ್ತಿರಲಿಲ್ಲ, ಇಡೀ ಮನುಷ್ಯ ತಿರುಗುತ್ತಿದ್ದ. ಗೊತ್ತಿಲ್ಲದವರು ಜಂಬ ಎನ್ನುತ್ತಿದ್ದರು. ಹೊತ್ತು ಏರಿದಂತೆ, ಓಡಾಡಿದಂತೆ, ಬೆನ್ನು ತಾನಾಗಿಯೇ ಸಡಿಲವಾಗುತ್ತಿತ್ತು. ಸಂಜೆ ಮೈದಾನಕ್ಕೆ ಇಳಿದರೆ ಬೇರೆಯೇ ಆಳು. ಬಲಗಡೆಯ ಬ್ಯಾಕ್ ಅವನು, ಗೋಲಿನ ಮುಂದೆ ನಿಂತು ತಡೆಯುವವನು. ಬರಿಗಾಲಿನ ಆ ಬ್ಯಾಕನ್ನು ದಾಟಿ ಚೆಂಡು ಹೋಗಬೇಕಾದರೆ ಚಾಮುಂಡಿ ಬೆಟ್ಟ ಪಕ್ಕಕ್ಕೆ ಸರಿದು ದಾರಿ ಬಿಡಬೇಕಿತ್ತು.

ಇದನ್ನು ಯಾರು ನಂಬುತ್ತಾರೆ? ಬೆಳಿಗ್ಗೆ ಕೆಲಸಕ್ಕೆ ಬರಲು ಬೆನ್ನುನೋವು, ಸಂಜೆ ಚೆಂಡು ಒದೆಯಲು ನೋವಿಲ್ಲ. ಮಿಲ್ಲಿನವರು ಅದಕ್ಕೆ ಕಳ್ಳನೋವು ಎಂದು ಹೆಸರಿಟ್ಟಿದ್ದರು. ನಿಜಕ್ಕೂ ಆ ಕಾಯಿಲೆಗೆ ಇದ್ದ ಹೆಸರು ಅದೊಂದೇ. ಮೊಹಲ್ಲಾದ ಡಾಕ್ಟರೊಬ್ಬರು ಎಕ್ಸ್‌ರೇ ಫೋಟೋ ತೆಗೆಸಿ, ಬೆಳಕಿಗೆ ಹಿಡಿದು ನೋಡಿ, ಮೂಳೆ ಚೆನ್ನಾಗಿದೆ ಎಂದು ಹೊಗಳಿದರು. ವಾಯು ಇರಬೇಕು, ಫುಟ್ಬಾಲ್ ಬಿಟ್ಟು ಮಲಗು ಎಂದರು. ಆರೋಗ್ಯಮ್ಮನವರು ಮಗನನ್ನು ಹಲಗೆಯ ಮೇಲೆ ಮಲಗಿಸಿ, ನೀಲಗಿರಿ ಎಣ್ಣೆ ತಿಕ್ಕಿ, ಚರ್ಚಿನ ವ್ಯಾಕುಲಮಾತೆಗೆ ಹರಕೆ ಹೊತ್ತರು. ಮೂರು ವಾರ ಮಲಗಿದ ಮೇಲೆ ಅವನನ್ನು ಎಬ್ಬಿಸಿ ಕೂರಿಸಲು ನಾನೂ ಅವರೂ ಇಬ್ಬರೂ ಬೇಕಾದೆವು. ಮಲಗಿದಷ್ಟೂ ಹೆಚ್ಚಾಗುವ, ಆಡಿದಷ್ಟೂ ಕಡಿಮೆಯಾಗುವ ನೋವು ಇದು ಎಂದು ಅವನಿಗೆ ಗೊತ್ತಾದದ್ದು ಆಗ. ಗೊತ್ತಾಗಿ ಏನು ಮಾಡುವುದು, ಯಾರಿಗೆ ಹೇಳಿದರೂ ನಕ್ಕರು. ನನಗೂ ಇಂಥದೊಂದು ಕಾಯಿಲೆ ಬರಬಾರದೇ ಎಂದವರೂ ಇದ್ದರು.

ಅವನು ಬದುಕಿನಿಂದ ಕೇಳುತ್ತಿದ್ದುದು ಹೆಚ್ಚೇನಲ್ಲ, ಎರಡನೇ ಪಾಳಿ. ಮಧ್ಯಾಹ್ನ ಎರಡಕ್ಕೆ ಶುರುವಾಗುವ ಆ ಪಾಳಿ ಕಾಯಂ ಕೆಲಸಗಾರರಿಗೆ ಮಾತ್ರ. ವರ್ಷಕ್ಕೊಮ್ಮೆ ಮಿಲ್ಲು ತನ್ನ ಫುಟ್ಬಾಲ್ ತಂಡಕ್ಕೆಂದು ಒಬ್ಬ ಬದಲಿಯನ್ನು ಕಾಯಂ ಮಾಡುತ್ತಿತ್ತು. ರಜಾದಿನಗಳಲ್ಲಿ ತಂಡದ ಪಂದ್ಯ ಆಡಿದರೆ ಸಾಕು, ಪಾಳಿ ಯಾವುದು ಬೇಕೋ ಕೇಳಿಕೊಳ್ಳಬಹುದು. ಎರಡನೇ ಪಾಳಿ ಸಿಕ್ಕಿದರೆ ಅವನ ಬೆನ್ನು ಎಚ್ಚರಾಗುವವರೆಗೆ ಮಿಲ್ಲು ಕಾಯುತ್ತದೆ. ಸಿಗದಿದ್ದರೆ ಈ ಗೇಟು, ಈ ಸೈರನ್ನು, ನನ್ನ ಕಿಟಕಿ.

ಆಯ್ಕೆ ಮಾಡುವವರು ಜಾಬರ್ ಗುರುಮಲ್ಲಪ್ಪನವರು. ಜಾಬರ್ ಎಂದರೆ ಒಂದು ಸಾಲು ಯಂತ್ರಗಳಿಗೂ ಅದರ ಆಳುಗಳಿಗೂ ಮೇಸ್ತ್ರಿ. ಒಂದು ಕಾಲದಲ್ಲಿ ಯಾರದೋ ಶಿಫಾರಸಿನ ಹುಡುಗನಿಗಾಗಿ ಅವರನ್ನು ತಂಡದಿಂದ ಕೈಬಿಟ್ಟಿದ್ದರಂತೆ. ಅಂದಿನಿಂದ ಶಿಫಾರಸು ಎಂಬ ಮಾತು ಕೇಳಿದರೆ ಅವರ ಮೀಸೆ ನಡುಗುತ್ತಿತ್ತು. ಹಾಗಾಗಿ ಆಯ್ಕೆಯ ಆಟಕ್ಕೆ ಅವರು ಹುಡುಗರು ಬೀದಿಯಲ್ಲಿ ಮಾಡುವ ಜೋಡಿ ಪದ್ಧತಿಯನ್ನೇ ತಂದಿಟ್ಟಿದ್ದರು. ಆಟದಲ್ಲಿ ಸರಿಸಮ ಎನಿಸುವ ಇಬ್ಬರು ತಾವಾಗಿ ಜೋಡಿಯಾಗಿ ದೂರ ಹೋಗಿ, ಗುಟ್ಟಾಗಿ ಒಂದೊಂದು ಹೆಸರಿಟ್ಟುಕೊಂಡು ಬರಬೇಕು. ಹೂವು ಬೇಕಾ, ಹಣ್ಣು ಬೇಕಾ ಎಂದು ನಾಯಕನನ್ನು ಕೇಳಬೇಕು. ಹೂವು ಯಾರೋ ಹಣ್ಣು ಯಾರೋ ನಾಯಕನಿಗೆ ಗೊತ್ತಿಲ್ಲ. ನಾಯಕ ಹೇಳಿದ ಹೆಸರಿನವನು ಅವನ ಕಡೆಗೆ, ಉಳಿದವನು ಎದುರು ಕಡೆಗೆ. ಜಾತಿಯಿಲ್ಲ, ಚರ್ಚಿಲ್ಲ, ಸೋದರಮಾವನಿಲ್ಲ. ಎರಡೂ ತಂಡ ತಕ್ಕಡಿಯಂತೆ ಸಮ. ಆಮೇಲೆ ಆಟ ನೋಡಿ ಒಬ್ಬನನ್ನು ಆರಿಸುತ್ತಿದ್ದರು. ಇದಕ್ಕಿಂತ ನ್ಯಾಯವಾದ ದಾರಿಯನ್ನು ನಾನಂತೂ ಕಂಡಿಲ್ಲ.

ಆ ವರ್ಷ, ಅಂದರೆ ಐವತ್ತೆಂಟರಲ್ಲಿ, ಆಟವನ್ನು ಭಾನುವಾರ ಬೆಳಿಗ್ಗೆ ಏಳಕ್ಕೆ ಇಟ್ಟರು. ಆಟ ನೋಡಲು ಬರಬೇಕಿದ್ದ ಮಿಲ್ಲಿನ ಲೇಬರ್ ಆಫೀಸರಿಗೆ ಬಿಡುವು ಆಗ ಮಾತ್ರ. ಸಂಜೆಗೆ ಹಾಕಿಸಿ ಎಂದು ಕೇಳಲು ಇನ್ನಾಸಪ್ಪ ನನ್ನನ್ನೂ ಕರೆದುಕೊಂಡು ಗುರುಮಲ್ಲಪ್ಪನವರ ಮನೆಗೆ ಹೋದ. ನಾನು ಆಫೀಸಿನವನು, ಮಾತಿಗೆ ತೂಕ ಬರುತ್ತದೆ ಎಂಬ ಭ್ರಮೆ ಅವನಿಗೆ, ನನಗೂ ಇತ್ತು.

ಗುರುಮಲ್ಲಪ್ಪನವರು ಸಮಾಧಾನವಾಗಿಯೇ ಕೇಳಿಸಿಕೊಂಡರು.

"ನೋಡಪ್ಪ ಇನ್ನಾಸಪ್ಪ, ನೀನು ಸಂಜೆ ಚೆನ್ನಾಗಿ ಆಡ್ತೀಯ ಅಂತ ನಂಗೊತ್ತು. ಅದಕ್ಕೇ ಸಂಜೆ ಇಟ್ಟುಬುಟ್ರೆ ಏನಾಯ್ತು? ನಿನಗೆ ಅಂತ ಇಟ್ಟಂಗಾಯ್ತು. ಅದೂ ಶಿಫಾರಸೇ ತಾನೇ?"

"ಬೆಳಿಗ್ಗೆ ಮೈ ಹೇಳ್ದಂಗೆ ಬರಲ್ಲಣ್ಣ," ಎಂದ ಇನ್ನಾಸಪ್ಪ.

"ಬೆಳಿಗ್ಗೆ ಯಾರಿಗೆ ಮೈ ಬರುತ್ತಯ್ಯಾ? ನಂಗೆ ಬರುತ್ತಾ? ಈ ಗುಮಾಸ್ತರಿಗೆ ಬರುತ್ತಾ?"

ನನಗೆ ಯಾವ ಹೊತ್ತಿನಲ್ಲೂ ಬರುವುದಿಲ್ಲ ಎಂಬುದು ಲೋಕಕ್ಕೇ ಗೊತ್ತಿತ್ತು. ಅವರ ಮನೆಯವರು ಕೊಟ್ಟ ಕಾಫಿ ಕುಡಿದು ಎದ್ದು ಬಂದೆವು.

ಇನ್ನಾಸಪ್ಪ ತನ್ನ ದಾರಿ ತಾನು ಹುಡುಕಿಕೊಂಡ. ಭಾನುವಾರ ಬೇಗ ಎದ್ದು, ಚರ್ಚಿನಲ್ಲಿ ಮೊದಲ ಪೂಜೆಯ ಉದ್ದಕ್ಕೂ ಹಿಂದೆ ನಿಂತೇ ಇದ್ದು, ಅಲ್ಲಿಂದ ನಡೆದು ಮೈದಾನಕ್ಕೆ ಬಂದು, ಗೆರೆಯ ಸುತ್ತ ಸುತ್ತತೊಡಗಿದ. ನಾನು ಆಟ ನೋಡಲು, ಕಿತ್ತಳೆ ಹಣ್ಣಿನ ಚೀಲ ಹೊರಲು ಹೋಗಿದ್ದೆ. ಏಳರ ಹೊತ್ತಿಗೆ ಅವನ ಬೆನ್ನು ಪರವಾಗಿಲ್ಲ ಎನ್ನುವಂತಿತ್ತು. ಕರೆದಾಗ ಕತ್ತು ಕೂಡ ಅರ್ಧ ತಿರುಗಿತು. ಆಗಬಹುದು ಎನ್ನಿಸಿತು ನನಗೆ.

ಆದರೆ ಲೇಬರ್ ಆಫೀಸರು ಬರಲಿಲ್ಲ. ಆಟಗಾರರನ್ನೆಲ್ಲ ಸಾಲಾಗಿ ನೆಲದ ಮೇಲೆ ಕೂರಿಸಿದರು. ಒಬ್ಬ ಮಾತ್ರ ತಿರುಗಾಡುತ್ತಿದ್ದರೆ ಶಿಸ್ತಿಗೆ ಚೆನ್ನಲ್ಲ, ಕೂರು ಎಂದರು, ಇನ್ನಾಸಪ್ಪನೂ ಕೂತ. ಆಫೀಸರು ಬಂದಾಗ ಎಂಟಾಗಿತ್ತು. ಬಂದವರು ನ್ಯಾಯದ ವಿಚಾರವಾಗಿ ಭಾಷಣ ಮಾಡಿದರು. ಇಬ್ಬನಿ ಆರದ ಹುಲ್ಲಿನ ಮೇಲೆ ಕೂತು ಕೇಳಿಸಿಕೊಂಡ ಆ ನ್ಯಾಯ ಇನ್ನಾಸಪ್ಪನ ಬೆನ್ನಿಗೆ ಇಳಿಯಿತು. ಎಲ್ಲರೂ ಎದ್ದಾಗ ಅವನು ಮೊದಲು ಮಂಡಿಗೆ, ಮಂಡಿಯಿಂದ ಕೈಗೆ, ಆಮೇಲೆ ಕಾಲಿಗೆ ಬಂದ.

ಜೋಡಿ ಕಟ್ಟುವ ಹೊತ್ತು ಬಂತು. ಸಂಜೆಗಳಲ್ಲಿ ಅವನ ಜೋಡಿ ಯಾವಾಗಲೂ ದೇವರಾಜು, ನಮ್ಮ ಬದಲಿಗಳಲ್ಲೇ ಒಳ್ಳೆಯ ಫಾರ್ವರ್ಡ್. ಇನ್ನಾಸಪ್ಪ ಅವನ ಕಡೆಗೆ ಇಡೀ ಮೈ ತಿರುಗಿಸಿದ. ದೇವರಾಜು ನೆಲ ನೋಡಿದ.

"ಸಂಜೆಯಾಗಿದ್ರೆ ಎರಡು ಮಾತಿಲ್ದೆ ಬರ್ತಿದ್ದೆ ಕಣೋ ಇನ್ನಾಸು. ಈಗ ನೀನೂ ನಾನೂ ಸಮ ಅಂತ ಅಣ್ಣನ ಮುಂದೆ ಎಂಗೆ ಹೋಗಿ ನಿಂತ್ಕೊಳ್ಳಿ? ಸುಳ್ಳಾಗೋಯ್ತದೆ."

ಅವನು ಹೇಳಿದ್ದರಲ್ಲಿ ತಪ್ಪು ಹುಡುಕಲು ನಾನು ಇವತ್ತಿನವರೆಗೂ ಪ್ರಯತ್ನಿಸುತ್ತಿದ್ದೇನೆ. ಎಲ್ಲರೂ ತಮ್ಮ ತಮ್ಮ ಸಮರನ್ನು ಹುಡುಕಿಕೊಂಡು ಹೋದರು. ಒಬ್ಬ ಹುಡುಗ ಮದುವೆಗೆಂದು ನಂಜನಗೂಡಿಗೆ ಹೋಗಿದ್ದರಿಂದ ಲೆಕ್ಕ ಬೆಸವಾಗಿ ಇನ್ನಾಸಪ್ಪ ಒಬ್ಬನೇ ಉಳಿದ. ಗುರುಮಲ್ಲಪ್ಪನವರು ಸುತ್ತ ನೋಡಿದರು. ಕಿತ್ತಳೆ ಚೀಲದ ಪಕ್ಕದಲ್ಲಿ ನಾನಿದ್ದೆ.

ನನ್ನ ಆಟ ಹೇಗೆಂದರೆ, ನಮ್ಮ ಗಲ್ಲಿಯ ಹುಡುಗರು ನನ್ನನ್ನು ಯಾವ ಕಡೆಗೂ ಸೇರಿಸಿಕೊಳ್ಳದೆ ಚಪ್ಪಲಿ ಕಾಯಲು ಬಿಡುತ್ತಿದ್ದರು. ಅಂಥ ನನ್ನನ್ನು ಊರಿನ ಅತ್ಯುತ್ತಮ ಬ್ಯಾಕಿಗೆ ಸರಿಸಮ ಎಂದು ಸಾರಿದರು. ಇಬ್ಬರೂ ಹೆಸರಿಟ್ಟುಕೊಳ್ಳಲು ಬೇವಿನ ಮರದ ಹತ್ತಿರ ಹೋದೆವು. ಅವನ ನಡಿಗೆಗೆ ತಕ್ಕಂತೆ ನಾನೂ ನಿಧಾನವಾಗಿ ನಡೆದೆ.

"ಇಡ್ಲಿ, ದೋಸೆ ಅಂತ ಇಟ್ಕೊಳ್ಳೋಣ," ಎಂದೆ. ತಿಂಡಿ ತಿಂದಿರಲಿಲ್ಲ.

"ಹಂಗಾದ್ರೆ ನಾನೇ ಇಡ್ಲಿ. ಇಟ್ಟ ಕಡೆ ಇರೋದು. ದೋಸೆ ನೀನು, ತಿರುವಿ ಹಾಕ್ಬೋದು," ಎಂದ. ಆಮೇಲೆ ಮೆಲ್ಲಗೆ, "ಮಹದೇವು, ನನ್ ಎದ್ರಿಗೆ ಬಂದ್ರೆ ಮಾತ್ರ ಸುಮ್ನೆ ಓಡು. ಬೇಕೂಂತ ಬಿದ್ದುಗಿದ್ದುಬುಟ್ಟೀಯ. ಅಣ್ಣ ನೋಡ್ತಾರೆ," ಎಂದ.

ನಾಯಕ ದೋಸೆ ಕೇಳಿದ. ನಾವು ಎದುರುಬದುರಾದೆವು. ನನ್ನನ್ನು ಎಲ್ಲಿ ನಿಲ್ಲಿಸಿದರೆ ಕಡಿಮೆ ನಷ್ಟವೆಂದು ಯೋಚಿಸಿ ಎಡಗಡೆಯ ಅಂಚಿಗೆ ಕಳಿಸಿದರು. ಎಡಗಡೆಯ ಅಂಚಿನವನಿಗೆ ಎದುರಾಗುವವನು ಆ ಕಡೆಯ ಬಲಗಡೆಯ ಬ್ಯಾಕ್.

ಆಟ ಶುರುವಾದ ಸ್ವಲ್ಪ ಹೊತ್ತಿಗೆ, ನಮ್ಮ ಕಡೆಗೇ ಬಂದಿದ್ದ ದೇವರಾಜು ಮಧ್ಯದಿಂದ ಒದ್ದ ಚೆಂಡು ನನ್ನ ಕಾಲಿಗೆ ಬಂದು ತಗಲಿತು. ನಾನು ಓಡಿದೆ, ಓಡು ಎಂದು ಹೇಳಿದ್ದನಲ್ಲ. ಚೆಂಡೂ ಜೊತೆಗೇ ಬಂತು, ಅದು ನನ್ನ ತಪ್ಪಲ್ಲ. ಇನ್ನಾಸಪ್ಪ ಎದುರಿಗೇ ಇದ್ದ. ಚೆಂಡು ಅವನ ಎಡಕ್ಕೆ ಸರಿಯಿತು. ಬೇರೆ ಯಾರಾದರೂ ಕತ್ತು ತಿರುಗಿಸಿ ಕಾಲು ಚಾಚುತ್ತಿದ್ದರು; ಅವನು ಇಡೀ ಮನುಷ್ಯ ತಿರುಗಬೇಕಿತ್ತು. ತಿರುಗುತ್ತಲೇ ಇದ್ದ. ಅವನ ಮುಖ ನೋಡಲಾಗದೆ ಕಣ್ಣು ಮುಚ್ಚಿ ಒದ್ದೆ. ಕಣ್ಣು ಬಿಟ್ಟಾಗ ಎಲ್ಲರೂ ನನ್ನ ಬೆನ್ನು ತಟ್ಟುತ್ತಿದ್ದರು.

ಅರ್ಧ ಆಟ ಮುಗಿದು ಎಲ್ಲರೂ ಕಿತ್ತಳೆ ತೊಳೆ ಹಿಡಿದು ಕೂತರು. ಇನ್ನಾಸಪ್ಪ ಕೂರಲಿಲ್ಲ. ಗೆರೆಯ ಉದ್ದಕ್ಕೂ ನಡೆದ, ತಿರುಗಿದ, ನಡೆದ. ಸೋಲಿನ ಸಿಟ್ಟು ಎಂದು ಲೇಬರ್ ಆಫೀಸರು ಅರ್ಥ ಮಾಡಿಕೊಂಡರು.

ಮುಂದಿನ ಅರ್ಧದಲ್ಲಿ ಬಿಸಿಲು ಬಂತು, ಅವನಿಗೆ ಮೈ ಬಂತು. ಅದನ್ನು ವರ್ಣಿಸಲು ನನಗೆ ಬಾರದು, ನಾನು ಅದರ ಕೆಳಗೆ ಸಿಕ್ಕಿಕೊಂಡಿದ್ದೆ. ದೇವರಾಜು ಎಷ್ಟು ಸಲ ಬಂದನೋ ಅಷ್ಟು ಸಲವೂ ಚೆಂಡು ಬಿಟ್ಟು ವಾಪಸು ಹೋದ. ಒಮ್ಮೆ ಇನ್ನಾಸಪ್ಪ ನನ್ನ ಕಾಲಿನಿಂದಲೇ ಚೆಂಡನ್ನು ಎಷ್ಟು ನಯವಾಗಿ ತೆಗೆದುಕೊಂಡನೆಂದರೆ, ಅದಿಲ್ಲವೆಂದು ತಿಳಿಯದೆ ನಾನು ಇನ್ನೂ ಸ್ವಲ್ಪ ದೂರ ಓಡಿದೆ. ಅವನ ಕಡೆಯವರಿಗೆ ಗೋಲು ಹೊಡೆಯಲು ಮಾತ್ರ ಆಗಲಿಲ್ಲ. ಆಟ ನನ್ನ ಗೋಲಿನಲ್ಲೇ ಮುಗಿಯಿತು.

ಇಷ್ಟು ಕಂಡ ಮೇಲೆ ಇನ್ನೇನು ಬೇಕು ಎಂದುಕೊಂಡೆ. ಗುರುಮಲ್ಲಪ್ಪನವರು ದೇವರಾಜುವಿನ ಹೆಸರು ಹೇಳಿದರು. ಆಮೇಲೆ ಇನ್ನಾಸಪ್ಪನನ್ನು ಪಕ್ಕಕ್ಕೆ ಕರೆದರು. ಚೀಲ ಮಡಿಸುವ ನೆಪದಲ್ಲಿ ನಾನೂ ಹೋದೆ.

"ಪೂರ್ತಿ ಆಡಕ್ಕೆ ಬರ್ದೆ ಇದ್ದಿದ್ರೆ ನಂಗೆ ಬೇಜಾರಾಗ್ತಿರ್ಲಿಲ್ಲ ಕಣಪ್ಪ," ಎಂದರು ಅವರು. "ಕೊನೇಲಿ ಆಡ್ದಲ್ಲ, ಅದು ನೋಡಿ ಬೇಜಾರಾಯ್ತು. ಬರುತ್ತೆ ನಿಂಗೆ, ಮನಸ್ಸಿಲ್ಲ. ಮನಸ್ಸು ಬಂದಾಗ ಆಡೋನ್ನ ನಾನೆಂಗೆ ತಗೊಳ್ಳಿ?"

ನಾನು ಬಾಯಿ ಹಾಕಿದೆ. ಅಣ್ಣಾ, ಕೂತರೆ ಹಿಡಿದುಕೊಳ್ಳುತ್ತದೆ, ಓಡಾಡಿದರೆ ಬಿಡುತ್ತದೆ, ಮಲಗಿದರಂತೂ ಇನ್ನೂ ಜಾಸ್ತಿ ಎಂದೆಲ್ಲ ಹೇಳಿದೆ. ಹೇಳುತ್ತ ಹೋದಂತೆ ನನ್ನ ಕಿವಿಗೇ ಅದು ಸುಳ್ಳಿನಂತೆ ಕೇಳಿಸತೊಡಗಿತು. ಗುರುಮಲ್ಲಪ್ಪನವರು ನನ್ನ ಭುಜದ ಮೇಲೆ ಕೈಯಿಟ್ಟು, ಸ್ನೇಹಿತನನ್ನು ಬಿಟ್ಟುಕೊಡಬಾರದು, ಒಳ್ಳೆಯದೇ ಎಂದರು. ಗೋಲು ಹೊಡೆದವನನ್ನು ಬಿಟ್ಟರೆ ಅನ್ಯಾಯವಾಗುತ್ತದೆಂದು ತಂಡದ ಹೆಚ್ಚುವರಿ ಆಟಗಾರನಾಗಿ ನನ್ನ ಹೆಸರನ್ನೂ ಸೇರಿಸಿದರು. ಆ ವರ್ಷವಿಡೀ ನಾನು ಅಂಚಿನ ಬೆಂಚಿನ ಮೇಲೆ ಕೂತಿದ್ದೆ. ಕೂರುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ.

ದಾರಿಯಲ್ಲಿ ಇನ್ನಾಸಪ್ಪ ಒಂದೇ ಮಾತು ಆಡಿದ. "ಮೊದಲ್ನೇ ಅರ್ಧ ಆಡ್ದಂಗೇ ಕೊನೇವರೆಗೂ ಆಡಿದ್ರೆ ಕಾಯಿಲೆ ಅಂತಾದ್ರೂ ಅಂದ್ಕೊಳ್ಳೋರು. ಏನ್ ಮಾಡ್ಲಿ, ಕಾಲು ಕೇಳ್ಲಿಲ್ಲ."

ಇನ್ನೂ ಕೆಲವು ತಿಂಗಳು ಅವನು ಗೇಟಿಗೆ ಬಂದ. ನಾನು ಕಿಟಕಿಯಿಂದ ನೋಡುತ್ತಿದ್ದೆ. ಸೈರನ್ ನಿಂತ ಮೇಲೆ ಬೀದಿಯ ತಿರುವಿನಲ್ಲಿ ಕಾಣಿಸಿಕೊಳ್ಳುತ್ತಿದ್ದ, ಅಲ್ಲಿಂದಲೇ ಇಡೀ ಮನುಷ್ಯ ತಿರುಗಿ ವಾಪಸು ಹೋಗುತ್ತಿದ್ದ. ಆಮೇಲೆ ಬರುವುದನ್ನೇ ಬಿಟ್ಟ. ಒಂದು ಸಿನಿಮಾ ಮಂದಿರದಲ್ಲಿ ಟಾರ್ಚ್ ಹಾಕಿ ಜನರಿಗೆ ಜಾಗ ತೋರಿಸುವ ಕೆಲಸ ಸಿಕ್ಕಿತು. ಮ್ಯಾಟಿನಿಗೆ ಹೋದರೆ ಸಾಕು, ಅಷ್ಟು ಹೊತ್ತಿಗೆ ಬೆನ್ನು ಎದ್ದಿರುತ್ತದೆ. ಕೂತರೆ ಹಿಡಿದುಕೊಳ್ಳುತ್ತದೆಂದು ಅವನು ಇಡೀ ಆಟ ಅಡ್ಡಾಡುತ್ತಲೇ ಇರುತ್ತಾನೆ. ಇಷ್ಟು ಚುರುಕಾದ ಆಳನ್ನು ತಾವು ಕಂಡೇ ಇಲ್ಲವೆಂದು ಯಜಮಾನರು ಬಂದವರೆದುರೆಲ್ಲ ಹೊಗಳುತ್ತಾರೆ. ಕಾಯಿಲೆಯನ್ನು ಅಲ್ಲಿಯೂ ಯಾರೂ ಅರ್ಥ ಮಾಡಿಕೊಂಡಿಲ್ಲ, ಆದರೆ ಈ ಸಲ ಅವನ ಲಾಭಕ್ಕೆ. ಸಂಜೆಯ ಫುಟ್ಬಾಲ್ ಮಾತ್ರ ಹೋಯಿತು; ಆ ಹೊತ್ತಿಗೇ ಸಿನಿಮಾದ ಮೊದಲ ಆಟ.

ಮೊನ್ನೆ ಕೆಲಸ ಮುಗಿಸಿ, ಮನೆಗೆ ಹೋಗುವ ಶಕ್ತಿಯೂ ಇಲ್ಲದೆ ಅಲ್ಲಿಗೇ ಹೋದೆ. ಜಾಗ ತೋರಿಸಿ, ತಂಡ ಹೇಗಿದೆ ಎಂದು ಕೇಳಿದ. ದೇವರಾಜು ಚೆನ್ನಾಗಿ ಆಡುತ್ತಿದ್ದಾನೆ, ಬಲಗಡೆಯ ಬ್ಯಾಕ್ ಇನ್ನೂ ಸರಿಯಾಗಿ ಸಿಕ್ಕಿಲ್ಲ ಎಂದೆ. ಅವನು ತಡವಾಗಿ ಬಂದ ಇಬ್ಬರಿಗೆ ಜಾಗ ತೋರಿಸಿ ವಾಪಸು ಬಂದ. ಪಕ್ಕದ ಕುರ್ಚಿ ಖಾಲಿಯಿತ್ತು. ಯಜಮಾನರು ಇಲ್ಲವಲ್ಲ, ಸ್ವಲ್ಪ ಕೂತ್ಕೊಳ್ಳೋ ಎಂದೆ.

"ಕೂತ್ಕೋಬೋದು ಕಣೋ," ಎಂದ. "ಏಳೋ ಹೊತ್ಗೆ ನೀನು ಇನ್ನೊಂದು ಗೋಲು ಹೊಡ್ದುಬುಟ್ಟಿರ್ತೀಯ."

ಟಾರ್ಚ್ ಆರಿಸಿಕೊಂಡು ಗೋಡೆಯ ಪಕ್ಕದ ಇಳಿಜಾರಿನಲ್ಲಿ ಕೆಳಗೆ ನಡೆದ. ಪರದೆಯ ಹತ್ತಿರ ಹೋಗಿ ಇಡೀ ಮನುಷ್ಯ ತಿರುಗಿ, ಮತ್ತೆ ಮೇಲಕ್ಕೆ ಬರತೊಡಗಿದ.