ಕೆಳದವಡೆಯ ಹಾಲುಹಲ್ಲು

ನಾವು ಬೋಗಾದಿಗೆ ಬಾಡಿಗೆಗೆ ಬಂದಾಗ ಮಗಳಿಗೆ ಇನ್ನೂ ಎರಡು ತುಂಬಿರಲಿಲ್ಲ. ನಾನು ಕೆಲಸಕ್ಕೆ ಹೊರಡುತ್ತಿದ್ದೆ, ಅವ್ವ ಮಗುವನ್ನು ನೋಡಿಕೊಳ್ಳುತ್ತಿದ್ದಳು. ಬೆಳಿಗ್ಗೆ ಪೂಜೆ ಮುಗಿಸಿದ ಮೇಲೆ ಅವ್ವ ಒಂದು ಚೂರು ಕೊಬ್ಬರಿ, ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಂಡು ನುಣ್ಣಗೆ ಅಗಿದು ಮೊಮ್ಮಗಳ ಬಾಯಿಗೆ ಇಡುತ್ತಿದ್ದಳು. ಮಗು ಕಾಗೆಮರಿಯ ಹಾಗೆ ಬಾಯಿ ತೆರೆದು ಕಾಯುತ್ತಿತ್ತು. ನನ್ನನ್ನೂ ಹಾಗೇ ಬೆಳೆಸಿದ್ದಂತೆ. ಆ ಹೊತ್ತಿನ ಮನೆ ಈಗಲೂ ನನಗೆ ಬೇಕು ಅನಿಸುತ್ತದೆ.

ಮೂರನೇ ವರ್ಷಕ್ಕೆ ಮಗಳ ಕೆಳಗಿನ ದವಡೆಹಲ್ಲಿನಲ್ಲಿ ಕಂದು ಗುಂಡಿಯೊಂದು ಕಂಡಿತು. ಮಲಗುವಾಗ ಸಕ್ಕರೆ ಹಾಲಿನ ಬಾಟಲಿ ಬೇಕೇ ಬೇಕು ಎಂದು ಹಟ ಮಾಡುತ್ತಿದ್ದಳು. ಆ ಬಾಟಲಿ ಕೊಡುತ್ತಿದ್ದವಳು ನಾನು.

"ಹಾಲಲ್ಲು ಕಣೇ, ಇವತ್ತಲ್ಲ ನಾಳೆ ಬಿದ್ದೋಗುತ್ತೆ ಬುಡು," ಅಂದಳು ಅವ್ವ.

ನಾನು ಮೈಕ್ರೋಬಯಾಲಜಿ ಓದಿದವಳು. ಕಾಲೇಜಿನ ಲ್ಯಾಬಿನಲ್ಲಿ ನಮ್ಮ ನಮ್ಮ ಎಂಜಲನ್ನೇ ಗಾಜಿನ ತಟ್ಟೆಗೆ ಸವರಿ, ಎರಡು ದಿನಕ್ಕೆ ಅದರಲ್ಲಿ ಬೆಳೆದ ಬ್ಯಾಕ್ಟೀರಿಯಾದ ಚುಕ್ಕೆಗಳನ್ನು ಎಣಿಸಿದವಳು. ಆದರೂ ಬಿಟ್ಟುಬಿಟ್ಟೆ. ಹಲ್ಲು ನೋವೆಂದು ಮಗು ಅತ್ತಾಗ ಅವ್ವ ಲವಂಗದೆಣ್ಣೆ ಹತ್ತಿಯಲ್ಲಿ ಅದ್ದಿ ಇಟ್ಟಳು. ವಾರದಲ್ಲಿ ನೋವು ನಿಂತಿತು. ಇಬ್ಬರೂ ನಿಶ್ಚಿಂತರಾದೆವು. ಹಲ್ಲಿನೊಳಗಿನ ನರ ಸತ್ತದ್ದರಿಂದ ನೋವು ನಿಂತಿದೆ, ಕೀವು ಕೆಳಗಿಳಿಯುತ್ತಿದೆ ಎಂದು ನಮಗೆ ಹೊಳೆಯಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಮಗಳು ಎದ್ದಾಗ ದವಡೆಯ ಕೆಳಗೆ ನಿಂಬೆಹಣ್ಣಿನಷ್ಟು ಊತ. ಮೈ ಸುಡುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಊತ ಕತ್ತಿಗೆ ಇಳಿದು ಗಟ್ಟಿಯಾಯಿತು. ನೀರು ಕುಡಿಸಿದರೆ ನುಂಗಲಿಲ್ಲ, ಜೊಲ್ಲು ಸುರಿಯುತ್ತಲೇ ಇತ್ತು. ಆಟೋದಲ್ಲಿ ಅವಳ ಉಸಿರಿನ ಗೊರಗೊರ ಸದ್ದಿಗೆ ಕಿವಿಗೊಟ್ಟು ಕೂತಿದ್ದೆ. ರಸ್ತೆಯ ಪ್ರತಿ ಹಂಪಿನಲ್ಲೂ ಸದ್ದು ನಿಂತುಹೋದ ಹಾಗೆ ಅನಿಸುತ್ತಿತ್ತು. ಈಗಲೂ ಒಮ್ಮೊಮ್ಮೆ ಕೆಲಸದ ಮಧ್ಯೆ ಆ ಹಂಪುಗಳು ಬರುತ್ತವೆ.

ಆಸ್ಪತ್ರೆಯಲ್ಲಿ ಕೀವು ತೆಗೆದು, ಹಲ್ಲು ಕಿತ್ತ ಮೇಲೆ ಡಾಕ್ಟರ್ ಹೊರಗೆ ಬಂದು, "ಇನ್ನೂ ಸ್ವಲ್ಪ ಹೊತ್ತು ತಡ ಮಾಡಿದ್ರೆ ಉಸಿರೇ ಕಟ್ಟೋದು ಕಣ್ರೀ. ಹಾಲುಹಲ್ಲು ಅಂತ ಯಾಕ್ರೀ ಬಿಟ್ರಿ?" ಎಂದರು. ಹುಳುಕು ಮಾಡುವ ಬ್ಯಾಕ್ಟೀರಿಯಾ ದೊಡ್ಡವರ ಎಂಜಲಿನಿಂದಲೂ ಮಗುವಿಗೆ ಬರುತ್ತದೆ, ಆದರೆ ಅದಕ್ಕೆ ಊಟ ಹಾಕಿ ಸಾಕುವುದು ಸಕ್ಕರೆ ಎಂದೂ ಹೇಳಿದರು.

ನಾನು ಎಂಜಲಿನ ಮಾತನ್ನಷ್ಟೇ ಹಿಡಿದುಕೊಂಡೆ. ವಾರ್ಡಿನ ಬಾಗಿಲಲ್ಲಿ ನಿಂತಿದ್ದ ಅವ್ವನಿಗೆ, "ನಿನ್ ಬಾಯಿಂದಾನೇ ಬಂದಿದ್ದು," ಅಂದುಬಿಟ್ಟೆ. ಬಾಟಲಿಯ ಮಾತು ಎತ್ತಲಿಲ್ಲ. ಅವ್ವ ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡಳು. ಮನೆಗೆ ಬರುವವರೆಗೂ ತೆಗೆಯಲಿಲ್ಲ.

ಮಗಳು ಈಗ ಗಟ್ಟಿಯಾಗಿದ್ದಾಳೆ. ಬಾಟಲಿ ಬಿಟ್ಟಿದ್ದಾಳೆ, ಎರಡು ಹೊತ್ತು ನಾನೇ ಹಲ್ಲುಜ್ಜುತ್ತೇನೆ. ಅವ್ವ ಮಾತ್ರ ಅವಳಿಗೆ ಮುತ್ತು ಕೊಡುವಾಗಲೂ ನೆತ್ತಿಗೆ ಕೊಡುತ್ತಾಳೆ.

ಮೊನ್ನೆ ಮಗಳು ತಟ್ಟೆ ಹಿಡಿದು ಅವ್ವನ ಮುಂದೆ ಕೂತಳು. "ಬಾಯಲ್ಲಿ ಮಾಡ್ಕೊಡಜ್ಜಿ."

"ಅಯ್ಯೋ, ನಾಕು ವರ್ಷದ ಕತ್ತೆ ನೀನು! ಅಗಿಯಕ್ಕೆ ಬರಲ್ವೇನಮ್ಮ?"

ನಾನು ಹತ್ತಿರ ಹೋದೆ. "ಅವ್ವ, ಅವತ್ತು ಆಸ್ಪತ್ರೇಲಿ ನಾನು ಅಂಗನ್ನಬಾರದಿತ್ತು. ಬಾಟ್ಲಿ ಕೊಟ್ಟಿದ್ದು ನಾನು."

"ಏನಂದಿದ್ದೆ? ನಂಗೇನೂ ನೆನಪಿಲ್ಲ ಬುಡು," ಅಂದಳು. ಮಗಳ ತಟ್ಟೆಯಲ್ಲಿದ್ದ ಅನ್ನ ಕಲಸಲು ಕೈ ಚಾಚಿದವಳು ತಡೆದು, ಎರಡೂ ಅಂಗೈಗಳನ್ನು ನನ್ನ ಕಡೆ ತಿರುಗಿಸಿ ತೋರಿಸಿದಳು.

"ಸೋಪಾಕಿ ತೊಳ್ಕೊಂಡಿದೀನಿ. ಕೈತುತ್ತು ಕೊಡ್ಲಾ?"