ಶಿಲುಬೆ ನಾಣ್ಯ ಬಂದದ್ದು ನಮ್ಮ ಮನೆಯಿಂದ

ಸ್ಟೆಲ್ಲಾಗೆ ಆ ನಾಣ್ಯಗಳನ್ನು ಕೊಟ್ಟವಳು ನಾನೇ. ಹತ್ತಾರು ಜನ ಸೇರಿದ್ದ ಸಭೆಯಲ್ಲಿ, ನನಗೆ ಗೊತ್ತಿಲ್ಲ ಎಂದವಳೂ ನಾನೇ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ — ಅದನ್ನೂ ಹೇಳುತ್ತೇನೆ.

ಯಜಮಾನರಿಗೆ ಬ್ಯಾಂಕಿನಲ್ಲಿ ಕೆಲಸ. ಮಂಡ್ಯದಿಂದ ಚೆನ್ನೈಗೆ ವರ್ಗವಾಗಿ ನಾವು ಅಣ್ಣಾ ನಗರದ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೆವು. ಎಲ್ಲ ಸೇರಿ ಹನ್ನೆರಡು ಮನೆ. ಕೆಳಗಿನ ಬಾಡಿಗೆ ಮನೆಯಲ್ಲಿ ಸ್ಟೆಲ್ಲಾ ಮತ್ತು ಅವಳ ತಂದೆ. ಬಂದರಿನ ಪಕ್ಕದ ರಾಯಪುರಂನವರು. ಆ ಮುದುಕರು ಹಾರ್ಬರಿನಲ್ಲಿ ದುಡಿದು, ಪಾರ್ಶ್ವವಾಯು ಹೊಡೆದು ಮಲಗಿದ್ದರು. ಅವರನ್ನು ನೋಡಿಕೊಳ್ಳಲೆಂದೇ ಸ್ಟೆಲ್ಲಾ ಸ್ಕೂಲಿನ ಕೆಲಸ ಬಿಟ್ಟು ಮನೆಯಲ್ಲಿ ಟ್ಯೂಷನ್ ಶುರುಮಾಡಿದ್ದಳು. ನನ್ನ ಮಗಳು ಅನುಷಾಗೆ ಆಗ ಎಂಟು ವರ್ಷ. ಅವಳೂ ಅಲ್ಲಿಗೇ ಹೋಗುತ್ತಿದ್ದಳು.

ಶುಕ್ರವಾರ ಬಾಯಿಲೆಕ್ಕ ಸರಿಯಾಗಿ ಹೇಳಿದ ಮಕ್ಕಳಿಗೆ ಸ್ಟೆಲ್ಲಾ ಎರಡು ರೂಪಾಯಿ ಬಹುಮಾನ ಕೊಡುತ್ತಿದ್ದಳು. ಒಂದು ದಿನ ಮೆಟ್ಟಿಲ ಹತ್ತಿರ ನನ್ನನ್ನು ನಿಲ್ಲಿಸಿ ಕೇಳಿದಳು: "ಅಕ್ಕಾ, ನಿಮ್ಮವರ ಬ್ಯಾಂಕಲ್ಲಿ ಪುದು ಕಾಯಿನ್, ಹೊಸದು, ಸಿಗತ್ತಾ? ಹೊಳೆಯೋದು ಕೊಟ್ಟರೆ ಮಕ್ಕಳಿಗೆ ಖುಷಿ." ಯಜಮಾನರು ಒಂದು ಚೀಲ ತಂದುಕೊಟ್ಟರು. ಆಗಷ್ಟೇ ಬಂದಿದ್ದ ಎರಡು ರೂಪಾಯಿ ನಾಣ್ಯಗಳು. ಒಂದು ಮುಖದಲ್ಲಿ ಜೋಡಿಗೆರೆಗಳು ಅಡ್ಡಡ್ಡ ಹಾಯ್ದು ನಡುವೆ ಕೂಡುತ್ತವೆ, ನಾಲ್ಕು ಮೂಲೆಗೆ ನಾಲ್ಕು ಚುಕ್ಕಿ. ಇದೇನು ಎಂದಿದ್ದಕ್ಕೆ, "ಎಲ್ಲರೂ ಒಂದು ಅನ್ನೋ ಅರ್ಥವಂತೆ ಕಣೇ" ಎಂದಿದ್ದರು. ಚೀಲವನ್ನು ಅನುಷಾ ಕೈಗೇ ಕೊಟ್ಟು, ಜೊತೆಯಲ್ಲಿ ನಾನೂ ಕೆಳಗಿಳಿದೆ.

ಸ್ಟೆಲ್ಲಾಳನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಇದನ್ನು ಮೆದುವಾಗಿ ಹೇಳುವ ದಾರಿ ಹುಡುಕಿದೆ — ಇಲ್ಲ. ಒಂದು ಸಂಜೆ ಅನುಷಾ ಆಟವಾಡುತ್ತ ಬಿದ್ದು ಮಂಡಿ ತರಚಿಕೊಂಡಳು. ನಾನು ಅಲ್ಲೇ ನಿಂತಿದ್ದೆ, ಕೈ ಚಾಚಿದೆ. ಮಗು ನನ್ನನ್ನು ದಾಟಿಕೊಂಡು ಅಳುತ್ತ ಸ್ಟೆಲ್ಲಾ ಬಾಗಿಲಿಗೆ ಹೋಯಿತು. ಅವಳು ಗಾಯ ಒರೆಸಿ, ಬಟ್ಟೆ ಕಟ್ಟಿ, ನನ್ನ ಕಡೆ ತಿರುಗಿ, "ಉಪ್ಪು ನೀರಲ್ಲಿ ತೊಳೀಬೇಕು ಅಕ್ಕಾ" ಎಂದಳು. ನನ್ನ ಮಗುವಿನ ಗಾಯ ತೊಳೆಯುವುದನ್ನು ಅವಳು ನನಗೆ ಹೇಳಿಕೊಡುವುದೇ? ಆ ಮಾತು ಒಳಗೇ ಕೊಳೆಯಿತು.

ಆಮೇಲೆ ಆ ಸುದ್ದಿ ಬಂತು. ಟೆರೇಸಿನಲ್ಲಿ ಸಂಡಿಗೆ ಒಣಹಾಕುತ್ತಿದ್ದಾಗ ವಿಜಯಾ ಮಾಮಿ — ಅಪಾರ್ಟ್‌ಮೆಂಟಿನ ಸಂಘದ ಕಾರ್ಯದರ್ಶಿ — ಹೇಳಿದರು: ಹೊಸ ನಾಣ್ಯದ ಮೇಲಿರುವುದು ಶಿಲುಬೆಯಂತೆ, ಎಲ್ಲರನ್ನೂ ಮತಾಂತರ ಮಾಡುವ ಸಂಚಂತೆ, ದೇವರ ಹುಂಡಿಗೆ ಹಾಕಬಾರದಂತೆ. ಅದು ಸುಳ್ಳು ಎಂದು ನನಗೆ ಗೊತ್ತಿತ್ತು. ಹಾಗೆಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ನಾನು ಹೇಳಿದ್ದು: "ಕೆಳಗಡೆ ಸ್ಟೆಲ್ಲಾ ವಾರವಾರ ಮಕ್ಕಳಿಗೆ ಅದನ್ನೇ ಕೊಡ್ತಾಳಲ್ಲ ಮಾಮಿ. ಅಷ್ಟೊಂದು ಎಲ್ಲಿಂದ ಬರತ್ತೋ."

ಮಾಮಿಯ ಕೈ ಸಂಡಿಗೆಯ ಮೇಲೆಯೇ ನಿಂತಿತು. ನನಗೆ — ಹೌದು, ಹಿತವಾಯಿತು.

ಒಂದೇ ವಾರ. ಟ್ಯೂಷನ್ನಿಗೆ ಬರುತ್ತಿದ್ದ ಒಂಬತ್ತು ಮಕ್ಕಳಲ್ಲಿ ಏಳು ನಿಂತವು. ಯಾರೋ ನಾಣ್ಯಗಳನ್ನು ಅವಳ ಬಾಗಿಲಿಗೆ ಎಸೆದು ಹೋದರು. ಸಂಜೆ ಹಾಸಿಗೆಯಲ್ಲೇ ಪ್ರಾರ್ಥನೆ ಹೇಳುತ್ತಿದ್ದ ಆ ಮುದುಕರ ದನಿ ಎಲ್ಲರಿಗೂ ಇದ್ದಕ್ಕಿದ್ದಂತೆ ಗಲಾಟೆ ಎನಿಸತೊಡಗಿತು. ಭಾನುವಾರ ಬೆಳಿಗ್ಗೆ ಕಾರು ನಿಲ್ಲಿಸುವ ಜಾಗದಲ್ಲಿ ಸಭೆ ಕರೆದರು. ಯಜಮಾನರು ಆಫೀಸಿನ ಕೆಲಸದ ಮೇಲೆ ಆ ತಿಂಗಳೆಲ್ಲ ಮಧುರೈಯಲ್ಲಿದ್ದರು.

ಮಾಮಿ ಕೇಳಿದರು, ನಾಣ್ಯ ಯಾರು ಕೊಡುತ್ತಾರೆಂದು. ಸ್ಟೆಲ್ಲಾ ಒಂದಿಷ್ಟೂ ಅಂಜದೆ ಹೇಳಿದಳು: "ಸುಧಾ ಅಕ್ಕ ಕೊಟ್ಟಿದ್ದು. ಅವರ ಮನೆಯವರು ಬ್ಯಾಂಕಿಂದ ತಂದರು. ಅಕ್ಕನ್ನೇ ಕೇಳಿ."

ಎಲ್ಲರೂ ನನ್ನತ್ತ ತಿರುಗಿದರು.

"ಎನಕ್ಕು ತೆರಿಯಾದು" ಎಂದೆ. ನನಗೆ ಗೊತ್ತಿಲ್ಲ.

ಮಾಮಿ ಅಲ್ಲಿಗೇ ಬಿಡಲಿಲ್ಲ. ನನ್ನ ಪಕ್ಕದಲ್ಲಿದ್ದ ಅನುಷಾಳನ್ನು ಕೇಳಿದರು, ನೀನು ಹೇಳು ಕಣ್ಣಾ, ನಿಮ್ಮ ಮನೆಯಿಂದ ಕೊಟ್ಟಿದ್ದಾ? ಮಗು ಮುಖವೆತ್ತಿ ನನ್ನನ್ನು ನೋಡಿತು. ನಾನು ಅವಳ ಭುಜದ ಮೇಲೆ ಕೈಯಿಟ್ಟು ಒತ್ತಿದೆ. ಬೆರಳು ಒಳಗಿಳಿಯುವಷ್ಟು. ಅವಳು ಇಲ್ಲವೆಂದು ತಲೆಯಾಡಿಸಿದಳು.

ಇದೇ ನಾನು ಹೇಳುತ್ತೇನೆಂದಿದ್ದು.

ಆ ತಿಂಗಳೇ ಮಾಲೀಕರು ಸ್ಟೆಲ್ಲಾಳ ಮನೆ ಖಾಲಿ ಮಾಡಿಸಿದರು. ಅವಳ ತಂದೆಯನ್ನು ಮಂಚದ ಸಮೇತ ಒಂದು ಸಣ್ಣ ಲಾರಿಗೆ ಏರಿಸಿದರು. ಗೇಟಿನ ಹತ್ತಿರ ಅವಳು ನನ್ನ ಮುಂದೆ ನಿಂತು, ದನಿಯೇರಿಸದೆ, "ನಿಮ್ಮದು ಬಿಡಿ. ಮಗು ಕೈಲೂ ಸುಳ್ಳು ಹೇಳಿಸಿದಿರಲ್ಲ" ಎಂದಳು. ಮಧುರೈಯಿಂದ ಬಂದ ಯಜಮಾನರಿಗೆ, ಬಾಡಿಗೆ ಹೆಚ್ಚಾಯಿತಂತೆ, ಬಿಟ್ಟುಹೋದರು ಎಂದೆ. ಅವರು ನಂಬಿದರು. ನನ್ನನ್ನು ಯಾವಾಗಲೂ ನಂಬುತ್ತಿದ್ದರು. ಅವರು ತೀರಿಕೊಳ್ಳುವವರೆಗೂ ನಾನು ಅದನ್ನು ತಿದ್ದಲಿಲ್ಲ.

ಅನುಷಾ ಆ ವಿಷಯ ಎತ್ತಿದ್ದು ಕಾಲೇಜು ಮುಗಿಸಿದ ಮೇಲೆ, ಒಂದು ಮಧ್ಯಾಹ್ನ, ಊಟದ ನಡುವೆ. "ನೀ ಅನ್ನಿಕ್ಕಿ ಎನ್ ತೋಳ ಅಮುಕ್ಕಿನೇಲ್ಲಮ್ಮಾ" ಎಂದಳು — ಅವತ್ತು ನೀನು ನನ್ನ ಭುಜ ಒತ್ತಿದೆಯಲ್ಲ. ನನ್ನ ಜೊತೆ ಅವಳು ಕನ್ನಡ ಆಡುವುದನ್ನು ಬಿಟ್ಟು ಆಗಲೇ ಎಷ್ಟೋ ವರ್ಷವಾಗಿತ್ತು. ಮರೆತಿರುತ್ತಾಳೆ ಎಂದುಕೊಂಡಿದ್ದೆ. ಯಾವ ಮಗು ಮರೆಯುತ್ತದೆ.

ಮರುವಾರ ರಾಯಪುರಂಗೆ ಹೋದೆ. ಕೇಳಿಕೊಂಡು ಮನೆ ಹುಡುಕಿದೆ. ಬಾಗಿಲು ತೆಗೆದವಳು ಸ್ಟೆಲ್ಲಾಳೇ, ಕೂದಲು ನರೆತಿತ್ತು. ತಂದೆ ಅಲ್ಲಿಗೆ ಬಂದ ವರ್ಷವೇ ತೀರಿಕೊಂಡರಂತೆ. ನಾನು ನಿಂತಲ್ಲೇ ಎಲ್ಲ ಹೇಳಿದೆ. ಟೆರೇಸಿನ ಮಾತನ್ನೂ — ಅದು ಅವಳಿಗೆ ಗೊತ್ತಿರಲಿಲ್ಲ. ಅವಳು ಒಳಗೆ ಕರೆಯಲಿಲ್ಲ.

"ನನ್ನ ಹತ್ತಿರ ಯಾಕೆ ಹೇಳ್ತೀರಿ ಅಕ್ಕಾ? ನಾಣ್ಯ ಕೊಟ್ಟಿದ್ದು ನೀವು ಅಂತ ನನಗೆ ಗೊತ್ತಲ್ಲ. ಗೊತ್ತಿಲ್ಲದೆ ಇರೋದು ಆ ಅಪಾರ್ಟ್‌ಮೆಂಟಿನವರಿಗೆ. ಅಲ್ಲಿ ಹೋಗಿ ಹೇಳಿ" ಎಂದು ಬಾಗಿಲು ಹಾಕಿಕೊಂಡಳು.

ಹೇಳಿದೆ. ಸಂಘದ ಸಭೆಯಲ್ಲಿ, ಎದ್ದು ನಿಂತು. ನಮ್ಮನ್ನು ಬಿಟ್ಟು ಹಳಬರು ಐದು ಮನೆಯವರು ಇನ್ನೂ ಅಲ್ಲೇ ಇದ್ದರು. ಯಾರೂ ತಲೆಯೆತ್ತಲಿಲ್ಲ. ವಿಜಯಾ ಮಾಮಿ, "ಹಳೇ ಕಥೆ ಈಗ ಯಾಕೆ ಸುಧಾ, ಅವಳೂ ಒಳ್ಳೆಯವಳೇನಲ್ಲ" ಎಂದರು. ಆಮೇಲೆ ನೀರಿನ ಟ್ಯಾಂಕಿನ ಮಾತು ಶುರುವಾಯಿತು.

ಮನೆಗೆ ಬಂದು ನಡೆದದ್ದನ್ನೆಲ್ಲ ನನಗೆ ಬರುವ ತಮಿಳಿನಲ್ಲಿ ಒಂದು ಹಾಳೆಯಲ್ಲಿ ಬರೆದೆ. ಅನುಷಾ ಓದಿ, ಕಾಗುಣಿತ ತಿದ್ದಿದಳು. ಕೆಳಗೆ ನನ್ನ ಹೆಸರು, ಮನೆ ನಂಬರು ಹಾಕಿ ಮೆಟ್ಟಿಲ ಬಳಿಯ ನೋಟಿಸ್ ಬೋರ್ಡಿಗೆ ಅಂಟಿಸಿದೆ. ಸಂಜೆಯೊಳಗೆ ಯಾರೋ ಕಿತ್ತುಹಾಕಿದ್ದರು.

ಬೆಳಿಗ್ಗೆ ಇನ್ನೊಂದು ಹಾಳೆ ತೆಗೆದುಕೊಂಡು ಕೂತೆ.