ಸುರಂಗದ ಬದಿಯನ್ನು ಬಿಟ್ಟುಕೊಟ್ಟದ್ದು

ಬಾಳೆಗೊನೆ ವ್ಯಾಪಾರದಲ್ಲಿ ನಾನು ತಲೆಯೆತ್ತಿದ್ದು ಒಂದೇ ಪಾಠದಿಂದ: ಮೊದಲು ಬಾಯಿ ಬಿಡಬಾರದು. ಬೇಕಾದ ಗೊನೆಯ ಕಡೆ ನೋಡಲೇಬೇಡಿ, ಬೇಡದ್ದನ್ನು ಮುಟ್ಟಿ ಮುಟ್ಟಿ ಹೊಗಳಿ. ತಮ್ಮ ತೀರಿಕೊಂಡ ಮೇಲೆ ಅವನ ಮಗನನ್ನು ಆಲಂಕಾರು ಪೇಟೆಯ ನನ್ನ ಅಂಗಡಿಯಲ್ಲಿ ಕೂರಿಸಿ ಇದನ್ನೇ ಕಲಿಸಿದೆ.

ತಮ್ಮನೂ ನಾನೂ ಸೇರಿ ಕೊಂಡ ಗುಡ್ಡೆಯೊಂದಿದೆ. ಕೆಳಗಿನ ಅರ್ಧದಲ್ಲಿ ಗುಡ್ಡೆಯ ಹೊಟ್ಟೆಗೆ ಅಡ್ಡಲಾಗಿ ಕೊರೆದ ಸುರಂಗ. ಬಿರುಬೇಸಿಗೆಯಲ್ಲೂ ಅದರಿಂದ ನೀರು ಹರಿದು ಬರುತ್ತದೆ. ಮೇಲಿನ ಅರ್ಧದಲ್ಲಿ ಬರೀ ಕೆಂಪು ಮುರಕಲ್ಲು, ನಾಲ್ಕು ಗೇರುಮರ. ಗುಡ್ಡೆಯ ಬುಡದಲ್ಲಿರುವ ನಮ್ಮೆರಡು ಮನೆಗಳ ಬಾಳೆ ಬದುಕಿದ್ದು ಆ ಒಂದು ನೀರಿನಲ್ಲಿ. ಈ ಬೇಸಿಗೆಯಲ್ಲಿ ನೀರಿನ ಸರದಿಗಾಗಿ ತಮ್ಮನ ಮಗನ ಆಳುಗಳೂ ನನ್ನ ಆಳುಗಳೂ ಕೈ ಕೈ ಮಿಲಾಯಿಸಿದರು.

"ದೊಡ್ಡಪ್ಪ, ಪಾಲು ಮಾಡುವ. ಇಲ್ಲದಿದ್ರೆ ನಾಳೆ ಹೊಡೆದಾಡುದು ನಾವೇ," ಎಂದ ಅವನು.

ಆ ಭಾನುವಾರ ಚರ್ಚಿನಲ್ಲಿ ಪಾದ್ರಿಯವರು ಅಬ್ರಹಾಮನ ವಿಷಯ ತೆಗೆದುಕೊಂಡರು. ಅಬ್ರಹಾಮ ನನಗೆ ಮೊದಲಿಂದಲೂ ಇಷ್ಟ. ಸೊದೋಮ್ ಪಟ್ಟಣವನ್ನು ಉಳಿಸಲು ದೇವರೊಡನೆಯೇ ಚೌಕಾಶಿಗೆ ನಿಂತವನಲ್ಲವೇ! ಆದರೆ ದನ ಕಾಯುವವರ ಜಗಳ ಬಂದಾಗ, ತಾನು ಹಿರಿಯನಾಗಿದ್ದೂ ತಮ್ಮನ ಮಗ ಲೋಟನಿಗೆ 'ಬೇಕಾದ ಭೂಮಿಯನ್ನು ನೀನೇ ಮೊದಲು ಆರಿಸು' ಎಂದದ್ದು ನನ್ನ ಗಂಟಲಲ್ಲಿ ಇಳಿದಿರಲಿಲ್ಲ. ಇದು ಎಂಥ ವ್ಯವಹಾರ? ಅಂದು ಮಾತ್ರ ಆ ಮಾತು ನನ್ನನ್ನು ಬಿಡಲಿಲ್ಲ. ಪಟ್ಟು ಹಿಡಿದರೆ ಸುರಂಗ ನನ್ನದಾಗುತ್ತಿತ್ತು, ಹುಡುಗ ನನ್ನವನಾಗಿ ಉಳಿಯುತ್ತಿರಲಿಲ್ಲ.

ಜಾಗದ ಅಳತೆಯವನು ಬಂದ ದಿನ ಹುಡುಗನಿಗೆ ಹೇಳಿಯೇಬಿಟ್ಟೆ: "ನೀನೇ ಆರಿಸು. ನೀನು ಬಿಟ್ಟದ್ದು ನನಗೆ."

ಅವನು ಸುರಂಗದ ಬಾಯಿಯನ್ನು ನೋಡಿದ, ನನ್ನ ಮುಖ ನೋಡಿದ.

"ಸುರಂಗಕ್ಕೆ ಎಂತ ಆಗಿದೆ?"

"ಎಂತ ಆಗ್ಲಿಕ್ಕುಂಟು?"

"ಸುಮ್ಮನೆ ಬಿಡುವವರಾ ನೀವು? ಒಳಗೆ ಕುಸಿದಿದೆಯಾ?"

ಅಳತೆಯವನು ನಕ್ಕ. "ಹುಲಿ ಹುಲ್ಲು ತಿಂದ್ರೆ ಯಾರು ನಂಬುದು ಮಾರಾಯ್ರೆ!"

ಹುಡುಗ ಸ್ವಲ್ಪ ಹೊತ್ತು ಲೆಕ್ಕ ಹಾಕಿ, "ನನಗೆ ಮೇಲಿನದ್ದೇ ಇರ್ಲಿ," ಎಂದ.

ನಾನು ಸುಳ್ಳು ಹೇಳಿರಲಿಲ್ಲ. ಬಾಯಿ ಮುಚ್ಚಿ ನಿಂತರೆ ಸಾಕು, ನೀರು ನನ್ನದು. ದೇವರೇ ಕೊಟ್ಟರು ಎಂದೂ ಅನ್ನಿಸಿತು. ಅಂಥ ಹೊತ್ತಿನಲ್ಲಿ ಜಾಗ್ರತೆ ಇರಲಿ. ನಮ್ಮ ಆಸೆ ದೇವರ ಹೆಸರು ಹೇಳಿಕೊಂಡು ಬರಲು ತಡಮಾಡುವುದಿಲ್ಲ. ಅಳತೆಯವನು ಟೇಪನ್ನು ಮೇಲಕ್ಕೆ ಎಳೆದುಕೊಂಡು ಹೊರಟಿದ್ದ. ಕೊಟ್ಟ ಹಾಗೆ ಮಾಡಿ ಕೈಯಲ್ಲೇ ಇಟ್ಟುಕೊಳ್ಳುವುದಾದರೆ ನಾನು ನಂಬಿದ್ದು ಯಾರನ್ನು?

"ನಿಲ್ಲು," ಎಂದೆ. "ಸುರಂಗ ಸರಿ ಉಂಟು. ಒಳಗೆ ಬಾ, ತೋರಿಸ್ತೇನೆ."

ಟಾರ್ಚ್ ಹಿಡಿದು ಬಗ್ಗಿಕೊಂಡು ಕೊನೆಯವರೆಗೆ ಹೋದೆವು. ನೀರು ಒಸರುವ ಗೋಡೆಗೆ ಅವನ ಅಂಗೈಯನ್ನು ಒತ್ತಿ ಹಿಡಿದೆ. ಹೊರಗೆ ಬಂದವನು ನನ್ನ ಮುಖ ನೋಡದೆ, "ಹಾಗಾದ್ರೆ ಕೆಳಗಿನದ್ದು," ಎಂದ. ನೀರಿನಲ್ಲಾದರೂ ಪಾಲು ಕೊಡ್ತೇನೆ ಅಂದಾನು ಎಂದು ಕಾದೆ. ಅನ್ನಲಿಲ್ಲ.

ಮನೆಯಲ್ಲಿ ಹೆಂಡತಿ ಎಲ್ಲ ಕೇಳಿ, "ಇನ್ನು ಬಾಳೆಗೆ ಎಂತ ಬಿಡುದು, ನಿಮ್ಮ ಅಬ್ರಹಾಮನ ಕತೆಯನ್ನಾ?" ಎಂದಳು.

ಬಿಟ್ಟುಕೊಡುವವರಿಗೆ ನನ್ನದೊಂದು ಬುದ್ಧಿಮಾತು: ಬಿಡುವುದಾದರೆ ಪೂರ್ತಿ ಬಿಡಿ, ಮರುದಿನವೇ ದೇವರ ಹತ್ತಿರ ಬದಲು ಕೇಳಲು ಹೋಗಬೇಡಿ. ಹೇಳುವುದು ಸುಲಭ. ಮೇಲಿನ ಗುಡ್ಡೆಯಲ್ಲಿ ಈಗ ಹೊಸ ಸುರಂಗ ಕೊರೆಸುತ್ತಿದ್ದೇನೆ. ಸಂಜೆ ಬುಟ್ಟಿಯಲ್ಲಿ ಹೊರಬಂದ ಮಣ್ಣಿನಲ್ಲಿ ತೇವ ಉಂಟೋ ಎಂದು ಮುಷ್ಟಿಯಲ್ಲಿ ಹಿಂಡಿ ನೋಡುತ್ತೇನೆ. ಇವತ್ತೂ ಅದು ಬೆರಳುಗಳ ನಡುವಿನಿಂದ ಪುಡಿಯಾಗಿ ಉದುರಿತು. ಕೊರೆಯುವವನು ನನ್ನ ಮುಖ ನೋಡುತ್ತಾ ನಿಂತಿದ್ದ.

"ನಾಳೆಯೂ ಬಾ," ಎಂದೆ.